ಬಾದಾಮಿ, ಐಹೊಳೆ, ಪಟ್ಟದಕಲ್ಲು: ಶಾಸನ ಓದುತ್ತಾ ಎರಡು ದಿನ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತವೆ. "ಸರ್, ಮಕ್ಕಳಿಗೆ ರಜೆ. ಬಾದಾಮಿ ಕಡೆ ಕಾರಲ್ಲಿ ಹೊರಟಿದೀವಿ. ಏನೇನು ನೋಡಬೇಕು?" ಗುಹೆಗಳು, ಅಗಸ್ತ್ಯತೀರ್ಥ, ದುರ್ಗ ದೇವಾಲಯ, ವಿರೂಪಾಕ್ಷ, ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ. ಹೋದವರು ನೋಡದೇ ಬರೋದಿಲ್ಲ. ಆದರೆ ಆ ಗುಡಿಗಳ ಮುಂದಿರುವ ಫಲಕಗಳಲ್ಲಿ ರಾಜನ ಹೆಸರು, ಶತಮಾನ, ಶೈಲಿ ಅಂತೆಲ್ಲ ಬರೆದಿರುತ್ತಲ್ಲ, ಆ ಮಾಹಿತಿ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ನನಗೆ ಖುಷಿಯಾಗುತ್ತದೆ. ಅದರಲ್ಲಿ ಬಹುಪಾಲು ಬಂದಿದ್ದು ಫಲಕದಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿರುವ ಯಾವುದೋ ಗೋಡೆ, ಕಂಬ ಅಥವಾ ಬಂಡೆಯಿಂದ. ನಾವು ಫಲಕ ಓದಿ, ಫೋಟೋ ತೆಗೆಸಿಕೊಂಡು, ಆ ಕಲ್ಲಿಗೇ ಒರಗಿಕೊಂಡು ನೀರು ಕುಡಿದು ಬಂದುಬಿಡುತ್ತೇವೆ.

ಮಲಪ್ರಭೆಯ ಈ ಕಣಿವೆಗೆ ಎರಡು ದಿನ ಇಟ್ಟುಕೊಂಡು ಹೋಗುವವರಿಗೆ, ಶಾಸನಗಳನ್ನೇ ಗುರುತಾಗಿ ಇಟ್ಟುಕೊಂಡ ಒಂದು ದಾರಿಯನ್ನು ಇಲ್ಲಿ ಹೇಳುತ್ತೇನೆ. ನಾನು ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ಓದಿದವನಲ್ಲ. ಹೊಟ್ಟೆಪಾಡಿಗೆ ಎಂಜಿನಿಯರು, ಲಿಪಿ ಕಲಿತಿದ್ದು ಪುಸ್ತಕ ಇಟ್ಟುಕೊಂಡು ಮನೆಯಲ್ಲೇ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಸ್ವಲ್ಪ ಲೆಕ್ಕವೂ ಇರುತ್ತದೆ, ನಾನೇ ಮಾಡಿದ ತಪ್ಪುಗಳೂ ಇರುತ್ತವೆ.

ಹೊರಡುವ ಮೊದಲು

ಮೊದಲನೆಯದು, ಪಠ್ಯ ಎಲ್ಲಿ ಸಿಗುತ್ತದೆ ಅನ್ನೋದು. ತುಂಬಾ ಜನ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹುಡುಕಿ, ಸಿಗಲಿಲ್ಲ ಅಂತ ಕೈಬಿಡುತ್ತಾರೆ. ಸಿಗೋದಿಲ್ಲ, ಯಾಕಂದ್ರೆ ರೈಸ್ ಸಾಹೇಬರು ಶುರುಮಾಡಿದ ಆ ಮಾಲೆ ಹಳೇ ಮೈಸೂರು ಸೀಮೆಯದ್ದು. ಬಾದಾಮಿ, ಐಹೊಳೆ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಇಲ್ಲಿನ ಶಾಸನಗಳನ್ನು ಮೊದಲು ಓದಿ ಅಚ್ಚುಹಾಕಿಸಿದವರಲ್ಲಿ ಮುಖ್ಯರು ಜೆ.ಎಫ್. ಫ್ಲೀಟ್. 'ಇಂಡಿಯನ್ ಆಂಟಿಕ್ವೆರಿ'ಯ ಹಳೆಯ ಸಂಪುಟಗಳಲ್ಲಿ ಅವರ ಪಾಠಗಳಿವೆ. ಆಮೇಲೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 11, 15, 18 ಮತ್ತು 20ನೇ ಸಂಪುಟಗಳು ಬಾಂಬೆ-ಕರ್ನಾಟಕದ ಶಾಸನಗಳಿಗೇ ಮೀಸಲಾದವು. ಹೋಗುವ ಮೊದಲು ಪಾಠವನ್ನು ಫೋನಿನಲ್ಲಿ ಇಳಿಸಿಕೊಂಡು ಹೋದರೆ, ಕಲ್ಲಿನ ಮುಂದೆ ನಿಂತಾಗ ಕಣ್ಣಿಗೆ ಅಕ್ಷರ ತಾನಾಗೇ ಸಿಗುತ್ತಾ ಹೋಗುತ್ತದೆ.

ಎರಡನೆಯದು ಲಿಪಿ. 6ರಿಂದ 8ನೇ ಶತಮಾನದ ಈ ಬರವಣಿಗೆ ಇವತ್ತಿನ ಕನ್ನಡ, ತೆಲುಗು ಎರಡಕ್ಕೂ ಪೂರ್ವರೂಪ. ನೋಡಿದ ತಕ್ಷಣ ಓದಲಾಗದು, ಆದರೆ ಪೂರ್ತಿ ಅಪರಿಚಿತವೂ ಅಲ್ಲ. 'ಗ' ಬಾಗಿಲ ಕಮಾನಿನ ಹಾಗಿರುತ್ತದೆ. ಅದೊಂದನ್ನು ಗುರುತಿಸಿದರೆ ಸಾಕು, ಮಕ್ಕಳು ಪಕ್ಕದ ಅಕ್ಷರಕ್ಕೆ ತಾವೇ ಹೋಗುತ್ತಾರೆ.

ಮೂರನೆಯದು ಕಾಲದ ಲೆಕ್ಕ. ಶಕವರ್ಷ ಇಷ್ಟು ಕಳೆದಿದೆ ಅಂತ ಶಾಸನ ಹೇಳಿದರೆ ಅದಕ್ಕೆ 78 ಕೂಡಿಸಿ. ತಿಥಿ ಜನವರಿಯಿಂದ ಮುಂದಿನ ಚೈತ್ರದೊಳಗೆ ಬಿದ್ದರೆ 79. ಇಷ್ಟು ಗೊತ್ತಿದ್ದರೆ ಈ ದಾರಿಯ ಮುಖ್ಯ ಇಸವಿಗಳನ್ನು ನೀವೇ ತೆಗೆಯಬಹುದು.

ಮೊದಲ ದಿನ: ಬಾದಾಮಿ

ಬಾದಾಮಿಯಲ್ಲಿ ಎಲ್ಲರೂ ನೇರ ಗುಹೆಗಳಿಗೆ ಹೋಗುತ್ತಾರೆ. ನೀವು ಕೆರೆಯ ಈ ದಡದಲ್ಲಿ ನಿಂತು ಎದುರಿನ ಉತ್ತರದ ಬೆಟ್ಟವನ್ನು ಒಮ್ಮೆ ನೋಡಿ. ಆ ಬೆಟ್ಟದ ಬಂಡೆಯ ಮೇಲಿರುವ ಒಂದು ಶಾಸನವನ್ನು 1941ರಲ್ಲಿ ಆರ್.ಎಸ್. ಪಂಚಮುಖಿಯವರು ಪತ್ತೆಮಾಡಿದರು. ಅದರಲ್ಲಿ ಶಕವರ್ಷ 465 ಅಂತಿದೆ. 78 ಕೂಡಿಸಿ, ಕ್ರಿ.ಶ. 543. ಅಶ್ವಮೇಧ ಮೊದಲಾದ ಯಜ್ಞ ಮಾಡಿದ 'ಚಲಿಕ್ಯ ವಲ್ಲಭೇಶ್ವರ' ವಾತಾಪಿಯ ಬೆಟ್ಟವನ್ನು ಕೆಳಗೂ ಮೇಲೂ ಕೋಟೆಯಾಗಿ ಮಾಡಿಸಿದ ಅನ್ನೋದು ಅದರ ಸಾರಾಂಶ. ಇವನೇ ಒಂದನೇ ಪುಲಕೇಶಿ. ಆದರೆ ಗಮನಿಸಿ, ಕಲ್ಲಿನಲ್ಲಿ 'ಪುಲಕೇಶಿ' ಎಂಬ ಹೆಸರಿಲ್ಲ, ಬಿರುದು ಮಾತ್ರ ಇದೆ. ವಂಶದ ಹೆಸರೂ ಚಾಲುಕ್ಯ ಅಂತಿಲ್ಲ, 'ಚಲಿಕ್ಯ' ಅಂತಿದೆ. ಪಠ್ಯಪುಸ್ತಕದ ಒಂದು ಸಾಲು ಎಷ್ಟು ಕಲ್ಲುಗಳನ್ನು ಜೋಡಿಸಿ ತಯಾರಾಗಿದೆ ಅನ್ನೋದಕ್ಕೆ ಇದು ಮೊದಲ ಪಾಠ.

'ಕೆಳಗೂ ಮೇಲೂ' ಅನ್ನೋ ಮಾತು ನನಗೆ ಎಂಜಿನಿಯರಾಗಿ ಇಷ್ಟ. ಅದು ಬರೀ ಹೊಗಳಿಕೆ ಅಲ್ಲ, ಕೆಲಸದ ವಿವರ. ಬಂಡೆಯೇ ಗೋಡೆಯಾಗಿ ನಿಂತಿರುವ ಕಡೆ ಕಟ್ಟುವ ಅಗತ್ಯವಿಲ್ಲ. ಬುಡವನ್ನೂ ನೆತ್ತಿಯನ್ನೂ ಭದ್ರ ಮಾಡಿದರೆ ಮುಗೀತು. ಈ ದಡದಿಂದ ನೋಡಿದರೆ ಅದು ಹಾಗೇ ಕಾಣಿಸುತ್ತದೆ.

ಈಗ ಮೂರನೇ ಗುಹೆಗೆ ಬನ್ನಿ. ವಿಷ್ಣುವಿನ ದೊಡ್ಡ ಮೂರ್ತಿಗಳ ಮುಂದೆ ಜನ ಸೇರಿರುತ್ತಾರೆ. ಪಡಸಾಲೆಯ ಅರೆಗಂಬದ ಹತ್ತಿರ ಯಾರೂ ಇರುವುದಿಲ್ಲ. ಅಲ್ಲಿರುವ ಸಂಸ್ಕೃತ ಶಾಸನದಲ್ಲಿ ಶಕರಾಜನ ಪಟ್ಟಾಭಿಷೇಕದಿಂದ 500 ವರ್ಷ ಕಳೆದ ಕಾರ್ತಿಕ ಹುಣ್ಣಿಮೆ ಅಂತ ಇದೆ. ಅಂದರೆ ಕ್ರಿ.ಶ. 578. ಕೀರ್ತಿವರ್ಮ ಆಳುತ್ತಿದ್ದ 12ನೇ ವರ್ಷ, ಮಾಡಿಸಿದವನು ಅವನ ತಮ್ಮ ಮಂಗಲೇಶ. ದಖ್ಖನಿನ ಗುಹಾದೇವಾಲಯಗಳ ಕಾಲಾನುಕ್ರಮ ಕಟ್ಟುವವರಿಗೆ ಈ ಕಲ್ಲು ಒಂದು ಗೂಟ ಇದ್ದ ಹಾಗೆ. ಇಸವಿ ಬರೆದಿಲ್ಲದ ಎಷ್ಟೋ ಗುಹೆಗಳನ್ನು ಶೈಲಿ ಹೋಲಿಸಿ ಇದಕ್ಕಿಂತ ಹಿಂದೆ, ಇದಕ್ಕಿಂತ ಮುಂದೆ ಅಂತ ಜೋಡಿಸುತ್ತಾರೆ.

ಇಸವಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿರುವ ಇನ್ನೊಂದು ಮಾತು. ಈ ಗುಡಿ ಮಾಡಿಸಿದ ಪುಣ್ಯವೆಲ್ಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಅಂತ ಮಂಗಲೇಶ ಹೇಳಿಸಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ. ನಾಳೆ ಐಹೊಳೆಯಲ್ಲಿ ಇದೇ ಮಂಗಲೇಶ ಮತ್ತೆ ಸಿಗುತ್ತಾನೆ.

ಹೊರಗಡೆ ಅದೇ ಮಂಗಲೇಶನದ್ದೇ ಒಂದು ಪುಟ್ಟ ಕನ್ನಡ ಶಾಸನ ಇದೆ. ಈ 'ಕಲ್ಮನೆ'ಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟಿದ್ದು, ದೇವರಿಗೆ ಹೂಮಾಲೆ ಕಟ್ಟುವವರ ಪಾಲು, ಇಷ್ಟು ವಿಷಯ. ಸಂಸ್ಕೃತದಲ್ಲಿ ದೊಡ್ಡದಾಗಿ ವರ್ಣಿಸಿದ ವಿಷ್ಣುಗೃಹ ಕನ್ನಡದಲ್ಲಿ ಸರಳವಾಗಿ ಕಲ್ಮನೆ. ಕಲ್ಲಿನ ಮನೆ. ಒಳಗಿನದ್ದು ದೇವರಿಗೂ ಪಂಡಿತರಿಗೂ, ಹೊರಗಿನದ್ದು ಊರಿನವರಿಗೆ, ಹೂ ಕಟ್ಟುವವನಿಗೆ. ಯಾರಿಗೆ ಏನು ಗೊತ್ತಾಗಬೇಕೋ ಅದು ಅವರ ಭಾಷೆಯಲ್ಲಿದೆ.

ಮಧ್ಯಾಹ್ನದ ಮೇಲೆ ಊರೊಳಗೆ ಇಳಿದರೆ ಇನ್ನೊಂದು ಬಂಡೆ ಇದೆ, ಪಲ್ಲವ ನರಸಿಂಹವರ್ಮನದ್ದು. ಅಕ್ಷರಗಳು ಸವೆದು ಒಡೆದಿವೆ. ಆದರೂ ಅವನ ಹೆಸರು, ವಾತಾಪಿಯ ಹೆಸರು ಓದಿಗೆ ಸಿಕ್ಕಿವೆ. ಕ್ರಿ.ಶ. 642ರ ಸುಮಾರಿಗೆ ಅವನು ಈ ರಾಜಧಾನಿಯನ್ನೇ ಹಿಡಿದ. ಕೋಟೆ ಕಟ್ಟಿಸಿದವನ ಕಲ್ಲು ಬೆಟ್ಟದ ಮೇಲೆ, ಅದನ್ನು ಗೆದ್ದವನ ಕಲ್ಲು ಊರಿನಲ್ಲಿ. ಎರಡಕ್ಕೂ ನಡುವೆ ಸುಮಾರು ಒಂದು ಶತಮಾನದ ಅಂತರ. ಆಮೇಲೆ ಬಾದಾಮಿಯನ್ನು ಮರಳಿ ಪಡೆದ ಚಾಲುಕ್ಯರ ಊರಲ್ಲೇ ಶತ್ರುವಿನ ಆ ಬರಹ ಇವತ್ತಿಗೂ ಉಳಿದಿದೆ ಅನ್ನೋದನ್ನೂ ಗಮನಿಸಿ.

ಸಂಜೆಗೆ ಕೆರೆಯ ಪಕ್ಕದ ತಟ್ಟುಕೋಟಿ ಕಡೆ ನಡೆಯಿರಿ. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಇದಕ್ಕೆ ಇಸವಿ ಇಲ್ಲ. ಲಿಪಿ ನೋಡಿ ಕ್ರಿ.ಶ. 700ರ ಸುಮಾರು ಅಂತಾರೆ. ಕನ್ನಡದ ಅತಿ ಹಳೆಯ ತ್ರಿಪದಿಗಳು ಸಿಗುವುದು ಇಲ್ಲಿಯೇ, ಅದರಿಂದ ಸಾಹಿತ್ಯದವರಿಗೆಲ್ಲ ಇದು ಗೊತ್ತು. ಆದರೆ ನನಗೆ ಆಶ್ಚರ್ಯ ಅನ್ನಿಸುವುದು ಬೇರೆ. ಇದರಲ್ಲಿ ರಾಜನ ಹೆಸರೇ ಇಲ್ಲ. ದಾನವಿಲ್ಲ, ಯುದ್ಧದ ವರದಿ ಇಲ್ಲ. ರಾಜಧಾನಿಯ ಬಂಡೆಯ ಮೇಲೆ ಒಬ್ಬ ಮನುಷ್ಯನ ಸ್ವಭಾವವನ್ನು ಮಾತ್ರ ಬಣ್ಣಿಸಿ ಬಿಟ್ಟಿದ್ದಾರೆ. ಅರಮನೆ ಹೋಯಿತು, ಕಪ್ಪೆ ಅರಭಟ್ಟ ಉಳಿದ.

ಎರಡನೇ ದಿನ ಬೆಳಗ್ಗೆ: ಐಹೊಳೆ, ಮತ್ತು ಒಂದು ಬಿಸಿಲಿನ ಪಾಠ

ಸಾಮಾನ್ಯವಾಗಿ ಎಲ್ಲರೂ ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಕೊನೆಗೆ ಐಹೊಳೆ ಅಂತ ಹೋಗುತ್ತಾರೆ. ನಾನು ಹೇಳೋದು ತಿರುಗುಮುರುಗು. ಬೆಳಗ್ಗೆ ತಿಂಡಿ ಮುಗಿಸಿ ಸುಮಾರು 35 ಕಿ.ಮೀ. ದೂರದ ಐಹೊಳೆಗೆ ಮೊದಲು ಹೋಗಿ. ಅದಕ್ಕೊಂದು ಕಾರಣ ಇದೆ, ಅದನ್ನು ನಾನು ಕಲಿತ ಬಗೆ ಹೇಳುತ್ತೇನೆ.

ಐಹೊಳೆಯ ಗುಡ್ಡದ ಮೇಲಿನ ಜೈನ ದೇವಾಲಯ ಮೇಗುತಿ. ಹೆಸರೇ ಹೇಳುವಂತೆ ಮೇಲಿನ ಗುಡಿ, ಮೇಗುಡಿ. ಅದರ ಪೂರ್ವದ ಗೋಡೆಯ ಮೇಲೆ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇದೆ. 19 ಸಾಲು, ಅಗಲ ಸುಮಾರು ನಾಲ್ಕೂ ಮುಕ್ಕಾಲು ಅಡಿ, ಎತ್ತರ ಎರಡು ಅಡಿ. ಅಕ್ಷರದ ಎತ್ತರ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಇಷ್ಟು ಚಿಕ್ಕ ಅಕ್ಷರ ಓದಬೇಕಾದರೆ ಬೆಳಕು ಚೆನ್ನಾಗಿರಬೇಕು, ಪೂರ್ವದ ಗೋಡೆ ಅಂದಮೇಲೆ ಬೆಳಗಿನ ಎಳೆಬಿಸಿಲೇ ಸರಿ ಅಂತ ಲೆಕ್ಕ ಹಾಕಿ, ಮೊದಲ ಸಲ ನಾನು ಏಳು ಗಂಟೆಗೆಲ್ಲ ಗುಡ್ಡ ಹತ್ತಿದ್ದೆ. ಗೋಡೆ ಬಂಗಾರದ ಬಣ್ಣಕ್ಕೆ ಹೊಳೀತಿತ್ತು. ಅಕ್ಷರ ಮಾತ್ರ ಒಂದೂ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ಹಿಂದೆ ಮುಂದೆ ಓಡಾಡುತ್ತಿದ್ದೆ. ಅಲ್ಲಿ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಅಂದರು:

"ಈಗೇನೂ ಕಾಣಂಗಿಲ್ರಿ ಸರ. ಬಿಸಲು ನೆತ್ತಿಗೆ ಬರಲಿ, ಆವಾಗ ನೋಡ್ರಿ. ಅಕ್ಷರ ತಾವಾ ಎದ್ದು ನಿಂದರತಾವ."

ನನಗೆ ನಾಚಿಕೆಯಾಯಿತು. ಇದು ಪಿಯುಸಿ ಮಟ್ಟದ ತ್ರಿಕೋನಮಿತಿ. ಕೆತ್ತಿದ ಅಕ್ಷರ ನಮಗೆ ಕಾಣುವುದು ಬೆಳಕಿನಿಂದಲ್ಲ, ನೆರಳಿನಿಂದ. ಗೀರು ಎರಡು ಮಿಲಿಮೀಟರ್ ಆಳ ಇದೆ ಅಂತ ಹಿಡಿಯೋಣ. ನೆರಳಿನ ಉದ್ದ ಅಂದರೆ ಆಳವನ್ನು, ಗೋಡೆಗೂ ಬಿಸಿಲಿನ ಕಿರಣಕ್ಕೂ ಇರುವ ಕೋನದ ಟ್ಯಾನ್‌ನಿಂದ ಭಾಗಿಸಿದಷ್ಟು. ಡಿಸೆಂಬರಿನಲ್ಲಿ ಏಳು ಗಂಟೆಗೆ ಸರಿಯಾಗಿ ಪೂರ್ವಕ್ಕಿರುವ ಗೋಡೆಗೆ ಆ ಕೋನ ಸುಮಾರು 65 ಡಿಗ್ರಿ. ನೆರಳು ಒಂದು ಮಿಲಿಮೀಟರೂ ಬೀಳುವುದಿಲ್ಲ. ಗೀರಿನ ತಳದವರೆಗೂ ಬಿಸಿಲು ಹೊಕ್ಕು ಎಲ್ಲ ಒಂದೇ ಬಣ್ಣವಾಗುತ್ತದೆ. ಹನ್ನೊಂದು ಗಂಟೆಗೆ ಸೂರ್ಯ ಮೇಲಕ್ಕೂ ದಕ್ಷಿಣಕ್ಕೂ ಸರಿದು, ಕಿರಣ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಕೋನ 20 ಡಿಗ್ರಿಗಿಂತ ಕಡಿಮೆ, ನೆರಳು ಆರು ಮಿಲಿಮೀಟರಿನಷ್ಟು. ಅಂದರೆ ಗೀರು ಪೂರ್ತಿ ಕಪ್ಪಾಗಿ ತುಂಬಿಕೊಳ್ಳುತ್ತದೆ. ನಾನು ಅಲ್ಲೇ ಕೂತು ಕಾದೆ. ಹತ್ತೂವರೆಯಿಂದ ಹನ್ನೊಂದೂವರೆವರೆಗೆ ರವಿಕೀರ್ತಿ ಸಾಲುಸಾಲಾಗಿ ಎದ್ದು ನಿಂತ. ಲೆಕ್ಕ ಗೊತ್ತಿದ್ದ ನನಗಿಂತ, ಆ ಗೋಡೆಯನ್ನು ದಿನಾ ನೋಡುವ ಯಜಮಾನರಿಗೆ ಚೆನ್ನಾಗಿ ಗೊತ್ತಿತ್ತು.

ಇದು ಎಲ್ಲಾ ಶಾಸನಕ್ಕೂ ಅನ್ವಯಿಸುತ್ತದೆ. ಪೂರ್ವದ ಗೋಡೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಪಶ್ಚಿಮದ ಗೋಡೆ ಮಧ್ಯಾಹ್ನ ಕಳೆದ ಸ್ವಲ್ಪ ಹೊತ್ತಿಗೆ. ಗುಹೆ, ಮಂಟಪದ ಒಳಗಾದರೆ ಟಾರ್ಚನ್ನು ಎದುರಿಂದ ಹಿಡಿಯಬೇಡಿ. ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ, ಆದರೆ ಕಲ್ಲಿಗೆ ಮುಟ್ಟಿಸದೆ ಹಿಡಿಯಿರಿ. ಫೋನಿನ ಫ್ಲ್ಯಾಷ್ ಹಾಕಿ ತೆಗೆದ ಶಾಸನದ ಫೋಟೋ ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನೋದೂ ಈಗ ಅರ್ಥವಾಗಿರಬೇಕು.

ಮೇಗುತಿ ಏನು ಹೇಳುತ್ತದೆ

ಈ ಶಾಸನದ ಮಹತ್ವ ಹರ್ಷನ ಸೋಲಿನ ಕಥೆಗಷ್ಟೇ ಮುಗಿಯೋದಿಲ್ಲ. ಕಾಲವನ್ನು ಇದು ಎರಡು ಅಳತೆಯಲ್ಲಿ ಕೊಡುತ್ತದೆ. ಭಾರತ ಯುದ್ಧ ಮುಗಿದು 3735 ವರ್ಷ, ಶಕರಾಜರ ಕಾಲದ 556 ವರ್ಷ. ಕಲಿಯುಗದ ಆರಂಭವನ್ನು ಕ್ರಿ.ಪೂ. 3102 ಅಂತ ಸಂಪ್ರದಾಯ ಎಣಿಸುತ್ತದೆ. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವಾಗ ಸೊನ್ನೆ ವರ್ಷ ಇಲ್ಲ, ಅದರಿಂದ 3735ರಲ್ಲಿ 3101 ಕಳೆಯಬೇಕು. ಬರುವುದು 634. ಇನ್ನೊಂದು ಕಡೆ 556ಕ್ಕೆ 78 ಕೂಡಿಸಿ. ಅದೂ 634. ಎರಡು ಬೇರೆ ಅಳತೆಗೋಲು, ಒಂದೇ ಉತ್ತರ. ಸರ್ವೆಯಲ್ಲಿ ನಾವು ಒಂದೇ ಬಿಂದುವನ್ನು ಎರಡು ಕಡೆಯಿಂದ ಅಳೆದು ಪರೀಕ್ಷೆ ಮಾಡುತ್ತೇವಲ್ಲ, ಹಾಗೆ. ಮಹಾಭಾರತ ಯುದ್ಧ ನಿಜಕ್ಕೂ ಯಾವಾಗ ನಡೀತು ಅನ್ನೋದಕ್ಕೆ ಇದು ಸಾಕ್ಷಿಯಲ್ಲ. 7ನೇ ಶತಮಾನದವರು ಅದನ್ನು ಹೇಗೆ ಎಣಿಸುತ್ತಿದ್ದರು ಅನ್ನೋದಕ್ಕೆ ಸಾಕ್ಷಿ. ವಾಟ್ಸಾಪಿನಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೇ ಹೇಳಿದೆ.

ಕೊನೆಯಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ಆತ್ಮಪ್ರಶಂಸೆಯೇ ಸರಿ, ಆದರೆ ಅದರಿಂದ ದೊಡ್ಡ ಉಪಕಾರವಾಯಿತು. ಕಾಳಿದಾಸನ ಕಾಲದ ಬಗ್ಗೆ ಎಷ್ಟು ಜಗಳವಾದರೂ, 634ಕ್ಕೆ ಅವನು ದಕ್ಷಿಣದಲ್ಲಿ ಹೋಲಿಕೆಗೆ ಒದಗುವಷ್ಟು ಹೆಸರಾಗಿದ್ದ ಅನ್ನೋದನ್ನು ಈ ಗೋಡೆ ಖಚಿತವಾಗಿ ಹೇಳುತ್ತದೆ.

ಇನ್ನು ಮಂಗಲೇಶ. ನಿನ್ನೆ ಮೂರನೇ ಗುಹೆಯಲ್ಲಿ ಪುಣ್ಯವನ್ನೆಲ್ಲ ಅಣ್ಣನಿಗೆ ಬಿಟ್ಟುಕೊಟ್ಟ ತಮ್ಮ. ಅಣ್ಣ ತೀರಿಕೊಂಡ ಮೇಲೆ ಅವನೇ ರಾಜನಾದ. ಮುಂದೆ ರಾಜ್ಯ ತನ್ನ ಮಗನಿಗೇ ಸಿಗಬೇಕೆಂದು ಹೊರಟ, ಅಣ್ಣನ ಮಗ ಪುಲಕೇಶಿ ತಿರುಗಿಬಿದ್ದ, ಮಂಗಲೇಶ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಇದು ರವಿಕೀರ್ತಿ ಹೇಳುವ ಕಥೆ. ಎರಡು ಕಲ್ಲುಗಳ ನಡುವೆ 56 ವರ್ಷ. 578ರ ಮಾತು ಸುಳ್ಳು ಅಂತ ನನಗನ್ನಿಸುವುದಿಲ್ಲ. ಆದರೆ 634ರ ಕಥೆ ಗೆದ್ದವನ ಆಸ್ಥಾನಕವಿ ಹೇಳಿದ್ದು ಅನ್ನೋದನ್ನೂ ಮರೆಯಬಾರದು. ಒಂದೇ ಕಲ್ಲು ಓದಿದವನಿಗೆ ಮಂಗಲೇಶ ಆದರ್ಶ ತಮ್ಮ, ಇನ್ನೊಂದೇ ಓದಿದವನಿಗೆ ರಾಜ್ಯ ಕಬಳಿಸಲು ಹೋದ ಚಿಕ್ಕಪ್ಪ. ಎರಡನ್ನೂ ಓದಿದವನಿಗೆ ಮಾತ್ರ ಮನುಷ್ಯ ಸಿಗುತ್ತಾನೆ. ಬಾದಾಮಿ ಐಹೊಳೆ ಎರಡನ್ನೂ ಒಟ್ಟಿಗೇ ನೋಡಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ.

ಗುಡ್ಡ ಇಳಿದ ಮೇಲೆ ಹೆಸರುಗಳ ಬಗ್ಗೆ ಒಂದು ಮಾತು. ದುರ್ಗ ದೇವಾಲಯದ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಅದರ ಮೇಲೆ ಹಿಂದೆ ಇದ್ದ ಕೋಟೆಯಿಂದ ಬಂದದ್ದು. ಶಾಸನದ ಪ್ರಕಾರ ಅದು ಕೊಮಾರಸಿಂಗನು ಕಟ್ಟಿಸಿದ ಆದಿತ್ಯನ, ಅಂದರೆ ಸೂರ್ಯನ ಗುಡಿ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಬಹಳ ಕಾಲದ ನಂತರ ಅದರಲ್ಲಿ ವಾಸವಿದ್ದವರಿಂದ. ಹುಚ್ಚಪ್ಪಯ್ಯನ ಗುಡಿಯ ಶಾಸನ ನರಸೊಬ್ಬ ಎಂಬ ಶಿಲ್ಪಿಯನ್ನು ನೆನೆಯುತ್ತದೆ. ಮನೆ, ಗುಡಿ ಕಟ್ಟುವುದರಲ್ಲಿ ಅವನಂಥವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಇರುವುದಿಲ್ಲ ಅನ್ನೋದು ಅದರ ತಾತ್ಪರ್ಯ. ನಮ್ಮ ವೃತ್ತಿಯವನೊಬ್ಬನಿಗೆ ಸಿಕ್ಕ ಇಂಥ ಸರ್ಟಿಫಿಕೇಟು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನ: ಪಟ್ಟದಕಲ್ಲು

ಐಹೊಳೆಯಿಂದ ಪಟ್ಟದಕಲ್ಲಿಗೆ ಸುಮಾರು 13 ಕಿ.ಮೀ. ಹಳೆಯ ಹೆಸರು ಕಿಸುವೊಳಲ್. ಕಿಸು ಅಂದರೆ ಕೆಂಪು, ಪೊಳಲ್ ಅಂದರೆ ಊರು. ಇಲ್ಲಿನ ಮರಳುಗಲ್ಲಿನ ಬಣ್ಣ ನೋಡಿದ ಮೇಲೆ ಆ ಹೆಸರಿಗೆ ವಿವರಣೆ ಬೇಕಾಗಿಲ್ಲ. 1987ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿಯೂ ಹೆಸರು ಬದಲಾಗಿದೆ. ಈಗಿನ ಸಂಗಮೇಶ್ವರ ಹಿಂದೆ ವಿಜಯೇಶ್ವರ, ವಿಜಯಾದಿತ್ಯ ಕಟ್ಟಿಸಿದ್ದು. ವಿರೂಪಾಕ್ಷ ಹಿಂದೆ ಲೋಕೇಶ್ವರ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಮಲ್ಲಿಕಾರ್ಜುನ ಹಿಂದೆ ತ್ರೈಲೋಕ್ಯೇಶ್ವರ, ಅವಳ ತಂಗಿಯೂ ಅದೇ ರಾಜನ ರಾಣಿಯೂ ಆದ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಹಳೆಯ ಹೆಸರುಗಳಲ್ಲಿ ಕಟ್ಟಿಸಿದವರ ಹೆಸರೂ ಅಡಗಿತ್ತು. ಹೆಸರು ಹೋದಾಗ ಅಕ್ಕತಂಗಿಯರೂ ಹೋದರು. ಈಗ ನಾವು ಅವೆರಡನ್ನೂ ವಿಕ್ರಮಾದಿತ್ಯನ ದೇವಾಲಯಗಳು ಅನ್ನುತ್ತೇವೆ.

ವಿರೂಪಾಕ್ಷದ ಪೂರ್ವದ್ವಾರದ ಹತ್ತಿರ ನಿಧಾನಿಸಿ. ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿಯ ಈ ಗುಡಿಯನ್ನು ಮಾಡಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ ಅಂತ ಕನ್ನಡ ಶಾಸನ ಹೆಸರಿಸುತ್ತದೆ. ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದು, ಪಟ್ಟದ ಗೌರವ. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ತೆಂಕಣ ದೆಸೆಯ, ಅಂದರೆ ದಕ್ಷಿಣ ದಿಕ್ಕಿನ ಸೂತ್ರಧಾರಿ. ಹಾಡುವವರಿಗೆ ವಿಜಯಾದಿತ್ಯ ಹಿಂದೆ ಕೊಟ್ಟಿದ್ದನ್ನು ಲೋಕಮಹಾದೇವಿ ಸ್ಥಿರಪಡಿಸಿದ ಬರಹವೂ ಈ ಗುಡಿಯಲ್ಲಿದೆ. ಕಟ್ಟಿಸಿದವಳು, ಕಟ್ಟಿದವರು, ಹಾಡಿದವರು, ಎಲ್ಲರ ಸುದ್ದಿಯೂ ಒಂದೇ ಕಟ್ಟಡದಲ್ಲಿ.

ಕಂಚಿ ಅಂದೆನಲ್ಲ. ವಾತಾಪಿಗೆ ಬಿದ್ದ ಪೆಟ್ಟಿಗೆ ಒಂದು ಶತಮಾನದ ಮೇಲೆ ವಿಕ್ರಮಾದಿತ್ಯ ಕಂಚಿಗೆ ಹೋದ. ಅಲ್ಲಿನ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಅವನ ಕನ್ನಡ ಶಾಸನ ಇವತ್ತೂ ಇದೆ. ದೇವರ ಸಂಪತ್ತನ್ನು ನೋಡಿ, ಅದನ್ನು ತಾನು ಒಯ್ಯದೆ ದೇವರಿಗೇ ಬಿಟ್ಟುಕೊಟ್ಟೆ ಅನ್ನುತ್ತದೆ. ಬಾದಾಮಿಯ ಬಂಡೆಯ ಮೇಲೆ ಪಲ್ಲವನ ಬರಹ, ಕಂಚಿಯ ಕಂಬದ ಮೇಲೆ ಚಾಲುಕ್ಯನ ಕನ್ನಡ. ಇಬ್ಬರೂ ಇನ್ನೊಬ್ಬರದನ್ನು ಅಳಿಸಿಲ್ಲ.

ಪಟ್ಟದಕಲ್ಲಿನಲ್ಲಿ ತಪ್ಪದೆ ನೋಡಬೇಕಾದ ಇನ್ನೊಂದು, ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬ. ಗಂಗೆಯ ಉತ್ತರದ ದಡದಿಂದ ಬಂದ ಜ್ಞಾನಶಿವಾಚಾರ್ಯರು ನಿಲ್ಲಿಸಿದ್ದು. ಒಂದೇ ಸಂಸ್ಕೃತ ವಿಷಯ, ಎರಡು ಲಿಪಿ. ಒಂದು ಉತ್ತರದ ಸಿದ್ಧಮಾತೃಕಾ, ಇನ್ನೊಂದು ಇಲ್ಲಿನ ಕನ್ನಡ-ತೆಲುಗು ಲಿಪಿ. ಬಂದವರು ತಮ್ಮ ಊರಿನ ಅಕ್ಷರವನ್ನೂ ಬಿಡಲಿಲ್ಲ, ಈ ಊರಿನ ಓದುಗರನ್ನೂ ಬಿಡಲಿಲ್ಲ. ಇದರಲ್ಲಿ ಸೂರ್ಯಗ್ರಹಣದ ಉಲ್ಲೇಖ ಇರುವುದರಿಂದ ದಿನವನ್ನೇ ಲೆಕ್ಕಹಾಕಿ ತೆಗೆದಿದ್ದಾರೆ, 754ರ ಜೂನ್ 25. ಮೇಲೆ ಹೇಳಿದ ಮೂರು ಗುಡಿಗಳ ಹಳೆಯ ಹೆಸರುಗಳು, ಅಕ್ಕತಂಗಿಯರ ಸಂಬಂಧ, ಇವೆಲ್ಲ ಗಟ್ಟಿಯಾಗಿ ಗೊತ್ತಾಗಿದ್ದು ಈ ಕಂಬದಿಂದಲೇ. ಈ ಒಂದು ಕಂಬ ಹಾಳಾಗಿದ್ದಿದ್ದರೆ ಅಲ್ಲಿನ ಅರ್ಧ ಫಲಕಗಳನ್ನು ಬರೆಯುವುದೇ ಕಷ್ಟವಾಗುತ್ತಿತ್ತು.

ಸಂಜೆ: ಮಹಾಕೂಟ

ವಾಪಸು ಬಾದಾಮಿಗೆ ಬರುವಾಗ ಮಹಾಕೂಟಕ್ಕೆ ತಿರುಗಿ. ಇದು ಪೂಜೆ ನಡೆಯುವ ಕ್ಷೇತ್ರ. ಚಪ್ಪಲಿ ಬಿಟ್ಟು, ಅರ್ಚಕರನ್ನು ಕೇಳಿಯೇ ಮುಂದೆ ಹೋಗಿ.

ಇಲ್ಲಿನ ಪ್ರಸಿದ್ಧ ಶಾಸನಸ್ತಂಭ ಈಗ ಇಲ್ಲಿಲ್ಲ, ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 602ರ ಸುಮಾರಿನದ್ದು, ನಮ್ಮ ಮಂಗಲೇಶನದ್ದೇ. ಅದರ ಸಾಲುಗಳು ಕಂಬವನ್ನು ಸುತ್ತಿಕೊಂಡು ಹೋಗುತ್ತವೆ, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಅವನ ತಂದೆಯ ರಾಣಿ ದುರ್ಲಭದೇವಿಯ ಹೆಸರೂ ಅದರಲ್ಲಿದೆ.

ಆದರೆ ದೇವಾಲಯದಲ್ಲೇ ಉಳಿದಿರುವ ಇನ್ನೊಂದು ಶಾಸನಕ್ಕಾಗಿ ನಾನು ಪ್ರತಿ ಸಲ ಇಲ್ಲಿಗೆ ಬರುತ್ತೇನೆ. ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬ ಗಣಿಕೆ ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರಿಯನ್ನೂ ಕೊಟ್ಟಳು, ಭೂಮಿಯನ್ನೂ ಬಿಟ್ಟಳು ಅಂತ ಅದು ಹೇಳುತ್ತದೆ. ಅವಳ ತಾಯಿ, ಅಜ್ಜಿ ಯಾರು ಅಂತಲೂ ಹೇಳುತ್ತದೆ. ರಾಜರ ಶಾಸನ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹೋದರೆ ಇದು ಮಗಳು, ತಾಯಿ, ಅಜ್ಜಿ ಅಂತ ಹೋಗುತ್ತದೆ. ಪೀಠ ಇಲ್ಲ, ಛತ್ರಿ ಇಲ್ಲ. ಅವಳು ಇದ್ದಳು ಅನ್ನೋದಕ್ಕೆ ಉಳಿದಿರುವುದು ಆ ಕೆಲವು ಸಾಲುಗಳ ಕೆತ್ತನೆ ಮಾತ್ರ. ಯಾರಾದರೂ ಕೈ ಒರೆಸಿಕೊಂಡರೆ ಸವೆಯುವ ಮರಳುಗಲ್ಲಿನಲ್ಲಿ.

ಕೊನೆಗೆ, ಸೀಮೆಸುಣ್ಣದ ಬಗ್ಗೆ

ಇದನ್ನು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಶುರುವಿನಲ್ಲಿ ನಾನೂ ಅಕ್ಷರಗಳಿಗೆ ಸೀಮೆಸುಣ್ಣ ತುಂಬಿದವನೇ. ನಮ್ಮ ಕಡೆಯ ಒಂದು ವೀರಗಲ್ಲು, ಮೂರು ಸಾಲಿನ ಬರಹ. ಗೀರುಗಳಿಗೆ ಬಿಳಿ ತುಂಬಿ, ಚೆಂದವಾಗಿ ಫೋಟೋ ತೆಗೆದು, ವೀರನ ಹೆಸರು ಇಂಥದ್ದು ಅಂತ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ವರ್ಷದ ಮೇಲೆ ಮಳೆ ಎಲ್ಲ ತೊಳೆದಮೇಲೆ, ಓರೆ ಬೆಳಕಿನಲ್ಲಿ ಮತ್ತೆ ನೋಡಿದೆ. ನಾನು 'ಮ' ಅಂತ ತುಂಬಿದ್ದು 'ವ' ಆಗಿತ್ತು. ಹಳಗನ್ನಡ ಲಿಪಿಯಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು. ಕಲ್ಲಿನಲ್ಲಿ ಇಲ್ಲದ ಗೆರೆಯನ್ನು ನಾನೇ ಎಳೆದು, ಅದನ್ನೇ ಓದಿದ್ದೆ. ನನ್ನ ಫೋಟೋದಲ್ಲಿದ್ದದ್ದು ಶಾಸನವಲ್ಲ, ನನ್ನ ಊಹೆ.

ಸೀಮೆಸುಣ್ಣದಿಂದ ಕಲ್ಲಿಗೆ ಆಗುವ ಹಾನಿಯನ್ನು ಎಲ್ಲರೂ ಹೇಳುತ್ತಾರೆ. ಒತ್ತಿ ತಿಕ್ಕಿದಷ್ಟೂ ಮರಳುಗಲ್ಲಿನ ಕಣ ಉದುರುತ್ತದೆ. ಆದರೆ ಓದಿಗೆ ಆಗುವ ಹಾನಿ ಇನ್ನೂ ದೊಡ್ಡದು. ಒಮ್ಮೆ ಬಿಳಿ ತುಂಬಿದ ಮೇಲೆ ಮುಂದಿನವರು ಕಲ್ಲನ್ನು ಓದುವುದಿಲ್ಲ, ನಿಮ್ಮನ್ನು ಓದುತ್ತಾರೆ. ಎಣ್ಣೆ, ಅರಿಶಿನ, ಹಿಟ್ಟು, ತಂತಿ ಬ್ರಷ್ಷು, ಯಾವುದೂ ಬೇಡ. ನೀರಿನ ಬಾಟಲಿಯನ್ನೂ ಚೀಲದಲ್ಲೇ ಇಡಿ. ಓರೆ ಬೆಳಕು, ತಾಳ್ಮೆ, ಮೊದಲೇ ಅಚ್ಚಾದ ಪಾಠ, ಈ ಮೂರಿದ್ದರೆ ಸಾಕು. ದಾರಿಯ ಹಳ್ಳಿಗಳಲ್ಲಿ ಗುಡಿಯ ಕಟ್ಟೆಗೋ, ಕೆರೆಯ ಮೆಟ್ಟಿಲಿಗೋ ಸೇರಿಕೊಂಡ ಅಕ್ಷರದ ಕಲ್ಲು ಕಂಡರೆ ಬೇರೆಬೇರೆ ದಿಕ್ಕಿನ ಬೆಳಕಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು ಹಿಡಿಯಿರಿ. ಜಾಗದ ಗುರುತು ಹಾಕಿ, ಊರಿನ ಹಿರಿಯರಿಗೊಮ್ಮೆ ಅದು ಏನು ಅಂತ ತಿಳಿಸಿ, ಆಮೇಲೆ ಬಲ್ಲವರಿಗೆ ಕಳಿಸಿ.

ಮೊನ್ನೆ ಹೊರಟವರೊಬ್ಬರು ಫೋನಿನಲ್ಲಿ ಕೇಳಿದರು, "ಎರಡೇ ದಿನ ಸರ್, ಮಕ್ಕಳಿಗೆ ಬೋರ್ ಆಗಲ್ವಾ?" ನಾನು ಅಂದೆ, ಮೇಗುತಿಗೆ ಹತ್ತು ಗಂಟೆಗೇ ಹತ್ತಿಸಿ, ಏನೂ ಕಾಣ್ತಿಲ್ಲ ಅಂತ ಅವರೇ ಹೇಳಲಿ. ಆಮೇಲೆ ಬುತ್ತಿ ಬಿಚ್ಚಿ, ಹನ್ನೊಂದರವರೆಗೆ ಅಲ್ಲೇ ಕೂರಿಸಿಕೊಳ್ಳಿ. ಅಕ್ಷರ ಎದ್ದು ನಿಲ್ಲೋದನ್ನು ಒಂದು ಸಲ ಕಣ್ಣಾರೆ ನೋಡಿದ ಮಗು ಮುಂದೆ ಯಾವ ಕಲ್ಲಿಗೂ ಒರಗಿ ಕೂರುವುದಿಲ್ಲ.